ಅಕ್ಕಿ, ಗೋಧಿ, ರಾಗಿ ಯಾವುದೂ ಒಗ್ಗದ ಹುಡುಗಿ ಶನಿವಾರ ಊಟಕ್ಕೆ ಬರುತ್ತಿದ್ದಾಳೆ. ಎಲೆಗೆ ಏನೇನು ಬಡಿಸಲಿ?

ದೊಡ್ಡಪತ್ರೆ, ತ್ಯಾಗರಾಜನಗರ (ಮಂಗಳವಾರ)

ಎಲ್ಲರಿಗೂ ನಮಸ್ಕಾರ. ನನ್ನ ಮಗನ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಈ ಶನಿವಾರ ರಾತ್ರಿ ಊಟಕ್ಕೆ ಕರೆದಿದ್ದೇವೆ. ಧಾರವಾಡದ ಕಡೆಯವಳು, ಇಲ್ಲಿ ಬಿಟಿಎಂ ಬಡಾವಣೆಯ ಪಿಜಿಯಲ್ಲಿದ್ದಾಳೆ. ಅವಳಿಗೆ ಧಾನ್ಯದ ಅಲರ್ಜಿ. ಗೋಧಿ ಒಂದೇ ಆಗಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ, ಬಿಸಿ ಅನ್ನ ಬಡಿಸಿ ನಿಶ್ಚಿಂತೆಯಾಗಿರುತ್ತಿದ್ದೆ. ಗೋಧಿ, ಅಕ್ಕಿ, ಮೆಕ್ಕೆಜೋಳ ಮೂರೂ ಅವಳಿಗೆ ಆಗುವುದಿಲ್ಲ. ರಾಗಿ, ಜೋಳ, ಬಾರ್ಲಿ, ಸಿರಿಧಾನ್ಯಗಳನ್ನೂ ಮುಟ್ಟಬೇಡ ಎಂದು ವೈದ್ಯರು ಹೇಳಿದ್ದಾರಂತೆ. ಬೇಳೆ, ಕಾಳು, ಹಾಲು, ಮೊಸರು, ಕಡಲೆಕಾಯಿ, ಎಳ್ಳು, ತೆಂಗಿನಕಾಯಿ ಎಲ್ಲವೂ ಒಗ್ಗುತ್ತವೆ. ರೊಟ್ಟಿಯ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ರೊಟ್ಟಿಯೇ ಆಗದು ಎಂದು ಕೇಳಿ ನನ್ನ ಕರುಳು ಹಿಂಡಿದಂತಾಯಿತು.

ಹೋದ ವರ್ಷ ಒಂದು ಕ್ಯಾಂಟೀನಿನಲ್ಲಿ ‘ಇದರಲ್ಲಿ ಅಕ್ಕಿ, ಗೋಧಿ ಏನೂ ಇಲ್ಲ’ ಎಂದು ಕೊಟ್ಟ ಗೊಜ್ಜು ತಿಂದು ತುಟಿ, ಗಂಟಲು ಊದಿಕೊಂಡು ಇಡೀ ರಾತ್ರಿ ಆಸ್ಪತ್ರೆಯಲ್ಲಿದ್ದಳಂತೆ. ಅಂದಿನಿಂದ ಹೊರಗೆ ಎಲ್ಲಿಯೂ ತಿನ್ನುವುದಿಲ್ಲ. ನಾನು ಫೋನ್ ಮಾಡಿ ಕರೆದಾಗ, ‘ಖಂಡಿತ ಬರುತ್ತೇನೆ ಆಂಟಿ, ಆದರೆ ನೀವು ತೊಂದರೆ ಮಾಡಿಕೊಳ್ಳಬೇಡಿ, ನನ್ನ ಊಟ ನಾನೇ ಡಬ್ಬಿಯಲ್ಲಿ ತರುತ್ತೇನೆ’ ಎಂದಳು. ಬಹಳ ನಯವಾಗಿಯೇ ಹೇಳಿದಳು. ಆದರೂ ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಕುಳಿತುಬಿಟ್ಟೆ. ಈ ಮನೆಗೆ ಬಂದು 31 ವರ್ಷವಾಯಿತು. ಊಟಕ್ಕೆ ಕರೆದವರು ಡಬ್ಬಿ ಹಿಡಿದು ಬಂದದ್ದನ್ನು ನಾನು ಕಂಡಿಲ್ಲ.

ಆರು ಜನ ಕೂರುವವರು. ಅವಳಿಗೊಂದು ಅಡುಗೆ, ನಮಗೊಂದು ಅಡುಗೆ ಎಂದು ಆಗಬಾರದು, ಅದೊಂದೇ ನನ್ನ ಹಟ. ನಮಗೆ ಅನ್ನ ಇರಲಿ. ಉಳಿದದ್ದೆಲ್ಲ ಅವಳೂ ನಾವೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ತಿನ್ನುವಂತಿರಬೇಕು.

ಅವರೆಯ ಕಾಲ, ಗಾಂಧಿ ಬಜಾರಿನಲ್ಲಿ ಸೊಗಡವರೆ ರಾಶಿ ಬಿದ್ದಿದೆ. ಹಿತಕಿದ ಬೇಳೆ ಹುಳಿ, ಸೌತೆಕಾಯಿ ಕೋಸಂಬರಿ, ಬದನೆಕಾಯಿ ಎಣ್ಣೆಗಾಯಿ, ಹುರುಳಿಕಾಯಿ ಪಲ್ಯ, ಹಪ್ಪಳ, ಗಸಗಸೆ ಪಾಯಸ ಎಂದು ಚೀಟಿ ಬರೆದುಕೊಂಡು ಅಡುಗೆಮನೆಗೆ ಹೋದೆ. ಹುಳಿಪುಡಿಯ ಡಬ್ಬ ತೆರೆದಾಗ ನೆನಪಾಯಿತು, ನಮ್ಮತ್ತೆಯ ಅಳತೆಯಲ್ಲಿ ಅದಕ್ಕೆ ಒಂದು ಹಿಡಿ ಅಕ್ಕಿ ಹುರಿದು ಹಾಕುತ್ತೇವೆ. ಗಸಗಸೆ ಪಾಯಸಕ್ಕೂ ಅಕ್ಕಿ ನೆನೆಸಿ ರುಬ್ಬುತ್ತೇವೆ. ಹಪ್ಪಳ ಉದ್ದಿನದೇ, ಆದರೆ ಲಟ್ಟಿಸುವಾಗ ಉದುರಿಸಿದ ಹಿಟ್ಟು ಬೆರಳಿಗೆ ಬೆಳ್ಳಗೆ ಅಂಟಿತು. ಆರರಲ್ಲಿ ಮೂರು ಅಲ್ಲಿಯೇ ಹೋದವು. ಉಳಿದ ಮೂರರಲ್ಲಿ ನನ್ನ ಕಣ್ಣಿಗೆ ಬೀಳದ್ದು ಇನ್ನೇನಿದೆಯೋ ಎಂಬ ಹೆದರಿಕೆ ಹತ್ತಿದೆ.

ನಮ್ಮತ್ತೆಗೆ 82 ವರ್ಷ. ‘ಅನ್ನವಿಲ್ಲದ ಎಲೆಯ ಮುಂದೆ ಹೆಣ್ಣುಮಗುವನ್ನು ಕೂರಿಸುವುದೇ?’ ಎಂದು ಬೆಳಗಿನಿಂದ ಕೇಳುತ್ತಿದ್ದಾರೆ. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರವಿಲ್ಲ. ಅನ್ನದ ಜಾಗದಲ್ಲಿ ಹೊಟ್ಟೆ ತುಂಬುವಂಥದ್ದು ಏನು ಮಾಡಲಿ? ನಮ್ಮ ಪಲ್ಯ, ಹುಳಿ, ಗೊಜ್ಜುಗಳಲ್ಲಿ ಧಾನ್ಯ ಎಲ್ಲೆಲ್ಲಿ ಅಡಗಿರುತ್ತದೆ? ಇಂಥ ಮನೆ ನಡೆಸಿದವರು ದಯವಿಟ್ಟು ಹೇಳಿ.

ನವಣೆಪ್ರಿಯ

ನವಣೆ ಅಕ್ಕಿಯ ಅನ್ನ ಮಾಡಿ, ಮುಗಿಯಿತು. ಸಿರಿಧಾನ್ಯಗಳಲ್ಲಿ ಗ್ಲುಟನ್, ಅಂದರೆ ಗೋಧಿ, ಬಾರ್ಲಿಯಲ್ಲಿರುವ ಜಿಗುಟು ಪ್ರೋಟೀನ್, ಇಲ್ಲ. ನಮ್ಮ ತಂದೆಗೆ ಗೋಧಿ ಬಿಡಿಸಿದ ಮೇಲೆ ಎರಡು ವರ್ಷದಿಂದ ನವಣೆ, ಸಾಮೆಯಲ್ಲಿಯೇ ಊಟ ನಡೆಯುತ್ತಿದೆ, ಆರೋಗ್ಯವಾಗಿದ್ದಾರೆ. ವೈದ್ಯರು ಕೆಲವೊಮ್ಮೆ ಎಲ್ಲವನ್ನೂ ಸೇರಿಸಿ ಬೇಡ ಎಂದುಬಿಡುತ್ತಾರೆ.

ವಿಜಯನಗರದ ತಾಯಿ

ನವಣೆಪ್ರಿಯ ಅವರೇ, ನಿಮ್ಮ ತಂದೆಯವರಿಗೆ ಒಗ್ಗಿದ್ದು ಸಂತೋಷ. ಇಲ್ಲಿ ಮಾತ್ರ ದಯವಿಟ್ಟು ಆ ಸಲಹೆ ಬೇಡ. ಗ್ಲುಟನ್ ಆಗದಿರುವುದು ಬೇರೆ, ಧಾನ್ಯದ ಅಲರ್ಜಿ ಬೇರೆ. ಅಕ್ಕಿಯಲ್ಲಿ ಗ್ಲುಟನ್ ಇಲ್ಲ, ಆದರೂ ಈ ಹುಡುಗಿಗೆ ಅಕ್ಕಿ ಆಗುವುದಿಲ್ಲ. ಭತ್ತ, ಗೋಧಿ, ರಾಗಿ, ಜೋಳ, ನವಣೆ, ಸಾಮೆ ಎಲ್ಲವೂ ಹುಲ್ಲಿನ ಕುಟುಂಬದ ಬೆಳೆಗಳೇ. ವೈದ್ಯರು ಬೇಡ ಎಂದದ್ದನ್ನು ಇನ್ನೊಬ್ಬರ ಮನೆಯ ಊಟದೆಲೆಯಲ್ಲಿ ಪರೀಕ್ಷೆ ಮಾಡಲು ಬಾರದು.

ದೊಡ್ಡಪತ್ರೆ ಅವರೇ, ನನ್ನ ಮಗನಿಗೆ ಒಂಬತ್ತು ವರ್ಷ, ಗೋಧಿಯ ಅಲರ್ಜಿ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ಗೋಧಿಯನ್ನು ಮನೆಯಿಂದಲೇ ಹೊರಗೆ ಹಾಕಿದ್ದೆವು, ಆದರೂ ಎರಡು ತಿಂಗಳು ಮೈಮೇಲೆ ದದ್ದು ಏಳುತ್ತಲೇ ಇತ್ತು. ಬರೀ ಸಾರು, ಅನ್ನ, ತುಪ್ಪ ತಿಂದ ದಿನವೂ ಏಳುತ್ತಿತ್ತು. ಒಂದು ಸಂಜೆ ಒಗ್ಗರಣೆ ಹಾಕುತ್ತ ಇಂಗಿನ ಡಬ್ಬಿ ಕೈಯಲ್ಲಿತ್ತು. ಬೆರಳುಗಾತ್ರದ ಡಬ್ಬಿ, ಅದರ ಮೇಲಿನ ಅಕ್ಷರ ಸಾಸಿವೆಗಿಂತ ಚಿಕ್ಕದು. ಮಾವನವರ ಭೂತಗನ್ನಡಿ ತಂದು ಓದಿದೆ: ಗೋಂದು, ಮೈದಾ, ಆಮೇಲೆ ಇಂಗು. ಶುದ್ಧ ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುವ ಗಿಡದ ಅಂಟು. ಅದರ ಘಾಟು ತಡೆಯಲಾಗದಷ್ಟು ಇರುವುದರಿಂದ ಹಿಟ್ಟು ಬೆರೆಸಿಯೇ ಮಾರುತ್ತಾರೆ. ಗಟ್ಟಿ ಇಂಗಿನ ಉಂಡೆಗಳಲ್ಲಿಯೂ ಬಹಳಷ್ಟು ಹೀಗೆ ಬೆರೆಸಿದವೇ. ಗ್ಲುಟನ್ ಇಲ್ಲ ಎಂದು ಮಾರುವ ಇಂಗಿಗೆ ಅಕ್ಕಿಹಿಟ್ಟು ಹಾಕಿರುತ್ತಾರೆ, ನಿಮ್ಮ ಅತಿಥಿಗೆ ಅದೂ ಆಗದು. ಆದ್ದರಿಂದ ಶನಿವಾರ ಇಂಗನ್ನೇ ಬಿಟ್ಟುಬಿಡಿ. ಜೀರಿಗೆ, ಶುಂಠಿ, ಕರಿಬೇವು ಸ್ವಲ್ಪ ಮುಂದಾಗಿ ಹಾಕಿದರೆ ಯಾರೂ ಕೇಳುವುದಿಲ್ಲ. ಅಂಗಡಿಯ ಉಪ್ಪಿನಕಾಯಿಯಲ್ಲೂ ಇದೇ ಇಂಗು ಇರುತ್ತದೆ, ಮರೆಯಬೇಡಿ.

ಪೊಟ್ಟಣಗಳ ಬಗ್ಗೆ ಒಂದು ಮಾತು. 2020ರ ಲೇಬಲ್ ನಿಯಮದ ಪ್ರಕಾರ ಅಲರ್ಜಿ ತರುವ ಪದಾರ್ಥಗಳನ್ನು ಪೊಟ್ಟಣದ ಮೇಲೆ ಬೇರೆಯಾಗಿ ಹೇಳಬೇಕು. ಆದರೆ ಧಾನ್ಯಗಳ ಪೈಕಿ ಆ ಪಟ್ಟಿಯಲ್ಲಿರುವುದು ಗೋಧಿ, ಬಾರ್ಲಿ, ಓಟ್ಸ್‌ನಂಥ ಗ್ಲುಟನ್ ಸಂಬಂಧದವು ಮಾತ್ರ. ಅಕ್ಕಿ, ಮೆಕ್ಕೆಜೋಳ, ರಾಗಿ ಅದರಲ್ಲಿಲ್ಲ. ‘ಗ್ಲುಟನ್ ಇಲ್ಲ’ ಎಂಬ ಮುದ್ರೆ ಕೂಡ ಕಿಲೋಗೆ 20 ಮಿಲಿಗ್ರಾಂ ಮೀರದ ಗ್ಲುಟನ್ ಬಗ್ಗೆ ಹೇಳುತ್ತದೆಯೇ ಹೊರತು ಅಕ್ಕಿಯ ಬಗ್ಗೆ ಏನೂ ಹೇಳುವುದಿಲ್ಲ. ಪದಾರ್ಥಗಳ ಸಾಲನ್ನು ಕೊನೆಯವರೆಗೆ ಓದಬೇಕು. ಬೇಕಿಂಗ್ ಪೌಡರಿನಲ್ಲಿ ಕೂಡ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ.

ಕಡಲೆಹಿಟ್ಟು ಗಿರಣಿಯದ್ದಾದರೆ ಬೇಡ. ಅದೇ ಕಲ್ಲಿನಲ್ಲಿ ಅದಕ್ಕೆ ಮೊದಲು ಯಾರದೋ ಗೋಧಿ ಬೀಸಿರುತ್ತಾರೆ. ಬೇಕಾದಷ್ಟನ್ನು ಮಿಕ್ಸಿಯಲ್ಲಿಯೇ ಮಾಡಿಕೊಳ್ಳಿ. ಬಿಡಿಯಾಗಿ ತಂದ ಬೇಳೆಯನ್ನು ಮೊರದಲ್ಲಿ ಹರಡಿ ಆರಿಸಿ, ಎರಡು ಅಕ್ಕಿಕಾಳು, ಒಂದು ಗೋಧಿಕಾಳು ಸಿಕ್ಕೇ ಸಿಗುತ್ತದೆ. ಆಮೇಲೆ ಮೂರು ನೀರಿನಲ್ಲಿ ತೊಳೆಯಿರಿ.

ಕೊನೆಯದಾಗಿ ಡಬ್ಬಿಯ ವಿಷಯ. ಅವಳು ತರಲಿ, ಬೇಡ ಎನ್ನಬೇಡಿ. ನನ್ನ ಮಗ ಯಾರ ಮನೆಗೆ ಹೋದರೂ ನಾನು ಡಬ್ಬಿ ಕಟ್ಟಿಯೇ ಕಳಿಸುತ್ತೇನೆ. ಡಬ್ಬಿ ಜೊತೆಗಿದ್ದರೆ ಅವನು ಹೆದರದೆ ಆಡುತ್ತಾನೆ, ನಗುತ್ತಾನೆ. ಅದನ್ನು ನೋಡಿ ಬೇಸರ ಪಟ್ಟವರ ಮನೆಗೆ ಎರಡನೆಯ ಸಲ ಹೋಗಲು ಅವನೇ ಒಪ್ಪುವುದಿಲ್ಲ. ಮತ್ತೆ, ಅವಳ ಔಷಧಿ ಯಾವುದು, ಚೀಲದ ಯಾವ ಅರೆಯಲ್ಲಿದೆ, ಅಕಸ್ಮಾತ್ ಏನಾದರೂ ಆದರೆ ಯಾವ ಆಸ್ಪತ್ರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಗಂಟಲು ಬಿಗಿದರೆ ಒಂದು ಕ್ಷಣವೂ ಕಾಯದೆ ಔಷಧಿ, ಕೂಡಲೇ 108.

ಘಟ್ಟದ ಕೆಳಗಿನವ

ಬನಶಂಕರಿಯಲ್ಲಿದ್ದೇನೆ, ಊರು ಕುಂದಾಪುರದ ಹತ್ತಿರ. ಹಪ್ಪಳ ಬಿಡಬೇಕಾಗಿಲ್ಲ. ಹಲಸಿನ ಹಪ್ಪಳಕ್ಕೆ ಹಲಸಿನ ತೊಳೆ, ಉಪ್ಪು, ಮೆಣಸು, ಕೊತ್ತಂಬರಿ ಅಷ್ಟೇ ಸಾಕು. ಮನೆಯಲ್ಲಿ ಮಾಡಿದವರಿಂದ ತರಿಸಿ, ಬೇರೆ ಹಿಟ್ಟು ಸೇರಿಸಿಲ್ಲವೇ ಎಂದು ಕೇಳಿ. ಕರಿಯುವ ಎಣ್ಣೆ ಹೊಸದಿರಲಿ. ಪೂರಿ ಕರಿದು ಸೋಸಿಟ್ಟ ಎಣ್ಣೆ ಖಂಡಿತ ಬೇಡ.

ಸಬ್ಬಕ್ಕಿಯ ಹೆಸರಿನಲ್ಲಿ ಅಕ್ಕಿ ಇದೆ ಎಂದು ಅದನ್ನೂ ಪಟ್ಟಿಯಿಂದ ಹೊಡೆದುಹಾಕಬೇಡಿ. ಅದು ಮರಗೆಣಸಿನ ಪಿಷ್ಟದ್ದು, ಸೇಲಂ ಕಡೆ ತಯಾರಾಗುತ್ತದೆ. ಮರಗೆಣಸನ್ನೇ ಉಪ್ಪು, ಅರಿಸಿನ ಹಾಕಿ ಬೇಯಿಸಿ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಕೊಟ್ಟರೂ ಹೊಟ್ಟೆ ತುಂಬುತ್ತದೆ. ನಿಮ್ಮ ಹೆಸರೇ ದೊಡ್ಡಪತ್ರೆ, ಕುಂಡದಲ್ಲಿ ಇದ್ದೇ ಇರಬೇಕು. ಹತ್ತು ಎಲೆ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಅದರಲ್ಲಿ ಧಾನ್ಯ ಅಡಗಲು ಜಾಗವೇ ಇಲ್ಲ.

ಮೊರ ಒನಕೆ

ನಿಮ್ಮತ್ತೆಯವರ ಪ್ರಶ್ನೆಗೆ ಉತ್ತರ ನುಚ್ಚಿನುಂಡೆ. ಹೆಸರು ಕೇಳಿ ಅಕ್ಕಿನುಚ್ಚು ಎಂದುಕೊಳ್ಳುವವರಿದ್ದಾರೆ. ತೊಗರಿಬೇಳೆ, ಕಡಲೆಬೇಳೆ ನೆನೆಸಿ ನುಚ್ಚುನುಚ್ಚಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ, ಹಸಿಮೆಣಸಿನಕಾಯಿ, ಶುಂಠಿ ಕಲಸಿ, ಮುಷ್ಟಿಯಲ್ಲಿ ಉದ್ದಕ್ಕೆ ಹಿಡಿದು ಹಬೆಯಲ್ಲಿ ಬೇಯಿಸುವ ತಿಂಡಿ ಅದು. ಒಂದು ಕಾಳು ಅಕ್ಕಿ ಬೇಕಿಲ್ಲ. ಜೊತೆಗೆ ಬೂದುಗುಂಬಳಕಾಯಿಯ ಮಜ್ಜಿಗೆ ಹುಳಿ. ಕೆಲವರು ಮಜ್ಜಿಗೆ ಹುಳಿ ಒಡೆಯದಿರಲೆಂದು ಒಂದು ಚಮಚ ಅಕ್ಕಿ ಸೇರಿಸಿ ರುಬ್ಬುತ್ತಾರೆ. ನೀವು ನೆನೆಸಿದ ಕಡಲೆಬೇಳೆಯನ್ನೇ ರುಬ್ಬಿ, ಗಟ್ಟಿಯಾಗಿ ಕೂರುತ್ತದೆ. ನುಚ್ಚಿನುಂಡೆ ಇದ್ದ ಎಲೆಯಲ್ಲಿ ಅನ್ನ ಇಲ್ಲವೆಂದು ಅನಿಸುವುದೇ ಇಲ್ಲ. ಅದರ ಮೇಲೆ ತುಪ್ಪ ಬಿದ್ದು ಮಜ್ಜಿಗೆ ಹುಳಿ ಹರಿದರೆ ನಿಮ್ಮ ಮನೆಯವರೇ ಅನ್ನ ಬೇಡ ಎಂದಾರು.

ಹಿತಕಿದ ಬೇಳೆ ಹುಳಿಗೆ ಹಳೆಯ ಪುಡಿ ಮುಟ್ಟಬೇಡಿ. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚಕ್ಕೆ, ಎರಡು ಲವಂಗ ಅಂದೇ ಹುರಿದು, ಕಾಯಿ, ಒಂದು ಚಮಚ ಹುರಿಗಡಲೆ ಸೇರಿಸಿ ರುಬ್ಬಿ. ಗಸಗಸೆ ಪಾಯಸದ ಬದಲು ಹೆಸರುಬೇಳೆ ಪಾಯಸ: ಬೇಳೆ ಕೆಂಪಗೆ ಹುರಿದು ಬೇಯಿಸಿ, ಬೆಲ್ಲ, ಕಾಯಿಹಾಲು, ಏಲಕ್ಕಿ.

ಪಾತ್ರೆಪರಡಿಯ ಎಚ್ಚರವನ್ನು ನಿಮ್ಮತ್ತೆಯವರಿಗೇ ವಹಿಸಿ. ಏಕಾದಶಿಯ ದಿನ ಧಾನ್ಯ ಮುಟ್ಟದೆ ಅಡುಗೆ ಮಾಡುವುದು ಅವರಿಗೆ ಹೊಸದಲ್ಲ. (ಅವಲಕ್ಕಿ, ರವೆ ಉಪ್ಪಿಟ್ಟನ್ನು ಫಲಾಹಾರ ಎನ್ನುವ ರೂಢಿ ಇಲ್ಲಿ ನಡೆಯದು, ಅಷ್ಟು ಹೇಳಿ.) ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಿದರೆ ನಮ್ಮ ಹಿರಿಯರು ‘ಮುಸುರೆ, ಕೈ ತೊಳೆ’ ಎಂದು ಗದರುತ್ತಿದ್ದರಲ್ಲ, ಈ ಹುಡುಗಿಗೆ ಬೇಕಾಗಿರುವುದು ಅದೇ ಶಿಸ್ತು. ‘ಅವಳಿಗೆ ಮುಸುರೆ ತಾಗಬಾರದು’ ಎಂದು ಒಂದು ಮಾತು ಹೇಳಿ ನೋಡಿ.

ದೊಡ್ಡಪತ್ರೆ, ತ್ಯಾಗರಾಜನಗರ (ಬುಧವಾರ)

ಎಲ್ಲರಿಗೂ ಕೈಮುಗಿಯುತ್ತೇನೆ. ಮೊರ ಒನಕೆ ಅವರೇ, ನಿಮ್ಮ ಮಾತನ್ನು ಹಾಗೆಯೇ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನು ಮೊದಲೇ ಹೇಳಬಾರದಿತ್ತೇ?’ ಎಂದವರೇ ಎದ್ದು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಲು ಹೇಳಿದರು. ಪೂಜೆಯ ಅಡುಗೆಗೆಂದು ಇಟ್ಟವು. ಹುಣಸೆಹಣ್ಣು ಹಚ್ಚಿ ಅವರೇ ಎದುರು ಕುಳಿತು ತೊಳೆಸಿದರು. ಅವಳ ಎಲೆಗೆ ತಾವೇ ಬಡಿಸುತ್ತಾರಂತೆ; ಅನ್ನದ ಕೈ ಮಗನದು, ಅವನು ಬೇರೆ ಯಾವ ಸೌಟನ್ನೂ ಮುಟ್ಟಕೂಡದು ಎಂದು ಅಪ್ಪಣೆಯಾಗಿದೆ.

ರುಬ್ಬುವ ಕಲ್ಲು ದೋಸೆಹಿಟ್ಟಿನದು, ಅದನ್ನು ಬಿಟ್ಟು ಮಿಕ್ಸಿ ಜಾರ್ ಬಳಸೋಣ ಎಂದುಕೊಂಡೆ. ದಿನಾ ತೊಳೆಯುವ ಜಾರ್. ಆದರೂ ಮುಚ್ಚಳದ ರಬ್ಬರ್ ಬಳೆಯನ್ನು ಚಮಚದ ತುದಿಯಿಂದ ಎಬ್ಬಿಸಿ ನೋಡಿದೆ. ಅದರ ಅಡಿಯ ಸಂದಿಯಲ್ಲಿ ಸುತ್ತಲೂ ಉಗುರಿನಷ್ಟು ಅಗಲಕ್ಕೆ ಬಿಳಿಯ ಗೆರೆ, ಒಣಗಿದ ಅಕ್ಕಿಹಿಟ್ಟು, ಮುಟ್ಟಿದರೆ ಹಕ್ಕಳೆಯಾಗಿ ಏಳುತ್ತದೆ. ಅದನ್ನು ನೋಡಿ ನನ್ನ ಕೈ ತಣ್ಣಗಾಯಿತು. ಎಷ್ಟು ಪ್ರೀತಿಯಿಂದ ಮಾಡಿದ್ದರೂ ಆ ಚಟ್ನಿ ಅವಳ ಗಂಟಲು ಕಟ್ಟುತ್ತಿತ್ತು. ಇವತ್ತೇ ಹೊಸ ರಬ್ಬರ್ ಬಳೆ ತರಿಸಿದ್ದೇನೆ, ಜಾರನ್ನು ಬಿಸಿನೀರಿನಲ್ಲಿ ಹಲ್ಲುಜ್ಜುವ ಹೊಸ ಬ್ರಷ್‌ನಿಂದ ಉಜ್ಜಿದ್ದೇನೆ. ಇಡ್ಲಿ ತಟ್ಟೆಯ ತೂತುಗಳ ಮೇಲೂ ನಂಬಿಕೆ ಹೋಯಿತು. ಸ್ಟೀಲ್ ತಟ್ಟೆಗೆ ಬಾಳೆಲೆ ಹಾಸಿ ಹಬೆಗೆ ಇಡುತ್ತೇನೆ.

ವಿಜಯನಗರದ ತಾಯಿ, ಡಬ್ಬಿಯ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಅವಳಿಗೆ ಫೋನ್ ಮಾಡಿ, ‘ಡಬ್ಬಿ ತಾರಮ್ಮ, ಜೊತೆಗೆ ಅರ್ಧ ಗಂಟೆ ಮೊದಲೇ ಬಂದು ನಮ್ಮ ಅಡುಗೆಮನೆಯನ್ನೂ ನೋಡು’ ಎಂದೆ.

ವಿಜಯನಗರದ ತಾಯಿ

ಬಹಳ ಒಳ್ಳೆಯದು ಮಾಡಿದಿರಿ. ಒಂದು ಸೇರಿಸುತ್ತೇನೆ. ಮುಸುರೆಯ ಲೆಕ್ಕ ಬೇಯಿಸಿದ್ದಕ್ಕೆ. ಇಲ್ಲಿ ಹಸಿ ಹಿಟ್ಟಿನ ದೂಳೂ ಲೆಕ್ಕಕ್ಕೆ ಬರುತ್ತದೆ. ಶುಕ್ರವಾರ ರಾತ್ರಿಯಿಂದ ಚಪಾತಿ ಲಟ್ಟಿಸಬೇಡಿ, ಹಿಟ್ಟು ಜರಡಿ ಹಿಡಿಯಬೇಡಿ. ಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಒಗೆಯಲು ಹಾಕಿ. ಮರದ ಸೌಟು, ಲಟ್ಟಣಿಗೆ ಎಷ್ಟು ತೊಳೆದರೂ ಹಿಟ್ಟು ಹಿಡಿದಿರುತ್ತವೆ, ಒಳಗಿಡಿ. ಅನ್ನದ ಕುಕ್ಕರನ್ನು ಮೊದಲೇ ಇಳಿಸಿ ಬೇರೆ ಕೋಣೆಯಲ್ಲಿ ಇಡಿ.

ದೊಡ್ಡಪತ್ರೆ, ತ್ಯಾಗರಾಜನಗರ (ಭಾನುವಾರ)

ನಿನ್ನೆಯ ಊಟ ಆಯಿತು. ಬೆಳಿಗ್ಗೆಯೂ ಅವಳು ಆರೋಗ್ಯವಾಗಿದ್ದಾಳೆ, ಫೋನ್ ಮಾಡಿದ್ದಳು, ಅದನ್ನು ಮೊದಲು ಹೇಳಿಬಿಡುತ್ತೇನೆ.

ಏಳೂವರೆಗೆ ಬಂದಳು. ಅತ್ತೆ ಅವಳ ಕೈ ಹಿಡಿದು ಒಂದೊಂದು ಪಾತ್ರೆಯ ಮುಚ್ಚಳ ತೆಗೆದು, ಇದಕ್ಕೆ ಇಂಥದ್ದು ಹಾಕಿದೆ, ಇದನ್ನು ಇದರಲ್ಲಿ ರುಬ್ಬಿದೆ ಎಂದು ಹೇಳಿದರು. ಹುಡುಗಿ ಜಾರಿನ ಮುಚ್ಚಳ ಕೇಳಿ ತೆಗೆದುಕೊಂಡು ರಬ್ಬರ್ ಎಬ್ಬಿಸಿ ನೋಡಿದಳು. ನಾನು ಹೇಳಿಕೊಟ್ಟಿರಲಿಲ್ಲ, ಅವಳಿಗೇ ಗೊತ್ತಿತ್ತು. ಎಷ್ಟು ಅಡುಗೆಮನೆಗಳಲ್ಲಿ ಪೆಟ್ಟು ತಿಂದು ಕಲಿತಿದ್ದಾಳೋ.

ಡಬ್ಬಿ ತಂದಿದ್ದಳು. ಬೇಯಿಸಿದ ಗೆಣಸು, ಕಡಲೆಕಾಳು. ಮೊದಲು ಅದರಿಂದಲೇ ಎಲೆಗೆ ಹಾಕಿಕೊಂಡಳು, ನಾನು ಏನೂ ಹೇಳಲಿಲ್ಲ. ಅತ್ತೆ, ‘ನನಗೂ ಒಂದು ಗೆಣಸಿನ ತುಂಡು ಹಾಕಮ್ಮ’ ಎಂದು ತಮ್ಮ ಎಲೆ ಮುಂದೆ ಮಾಡಿದರು. ಅವಳು ಎದ್ದು ಬಡಿಸಿದಳು. ಆಮೇಲೆ ಕೋಸಂಬರಿ, ಆಮೇಲೆ ಒಂದು ನುಚ್ಚಿನುಂಡೆ. ಸ್ವಲ್ಪ ಹೊತ್ತು ತಡೆದು ಇನ್ನೊಂದು. ಒಟ್ಟು ಐದು ತಿಂದಳು. ಎಣ್ಣೆಗಾಯಿಗೆ ಕಡಲೆಕಾಯಿ, ಎಳ್ಳು, ಗುರೆಳ್ಳು ಹುರಿದು ಹಾಕಿದ್ದೆ, ಅದು ತನ್ನ ಅಮ್ಮನ ಕೈರುಚಿ ಎಂದಳು. ಹಲಸಿನ ಹಪ್ಪಳ ಘಟ್ಟದ ಕೆಳಗಿನವರು ಹೇಳಿದಂತೆಯೇ ಸಿಕ್ಕಿತು, ಒಂದೂ ಉಳಿಯಲಿಲ್ಲ.

ಒಂದು ತಪ್ಪು ಆಗಿಬಿಡುತ್ತಿತ್ತು. ಮೊಸರಿನ ಹೊತ್ತಿಗೆ ನಮ್ಮ ಯಜಮಾನರು ಅಭ್ಯಾಸದಂತೆ ಅಂಗಡಿಯ ನಿಂಬೆಕಾಯಿ ಉಪ್ಪಿನಕಾಯಿ ಜಾಡಿ ತಂದು ಅವಳ ಎಲೆಯ ಕಡೆ ಚಮಚ ಚಾಚಿದರು. ಮಗ ಅವರ ಕೈ ಹಿಡಿದ. ಇಂಥ ಊಟಕ್ಕೆ ಬೇಡದ ಜಾಡಿ, ಡಬ್ಬಿಗಳನ್ನು ಮೊದಲೇ ಬೀರುವಿಗೆ ಸೇರಿಸಿ ಬೀಗ ಹಾಕಬೇಕು, ಮುಂದಿನ ಸಲ ಹಾಗೆಯೇ ಮಾಡುತ್ತೇನೆ.

ನವಣೆಪ್ರಿಯ

ಮೊದಲ ದಿನ ತಿಳಿಯದೆ ಬರೆದೆ, ಕ್ಷಮಿಸಿ. ನುಚ್ಚಿನುಂಡೆಯ ಅಳತೆ ಹೇಳುತ್ತೀರಾ? ನಾನು ಮಾಡಿದಾಗಲೆಲ್ಲ ಹಬೆಯಲ್ಲಿ ಬಿರಿಯುತ್ತವೆ.

ದೊಡ್ಡಪತ್ರೆ, ತ್ಯಾಗರಾಜನಗರ

ಎರಡು ಲೋಟ ತೊಗರಿಬೇಳೆ, ಒಂದು ಲೋಟ ಕಡಲೆಬೇಳೆ, ಎರಡೂವರೆ ಗಂಟೆ ನೆನೆಸಿದ್ದು. ನೀರನ್ನು ಪೂರ್ತಿ ಬಸಿದು, ಅರ್ಧ ಗಂಟೆ ಬಟ್ಟೆಯ ಮೇಲೆ ಹರಡಿ ಆಮೇಲೆ ರುಬ್ಬಿ. ನೀರು ಉಳಿದರೆ ಬಿರಿಯುತ್ತವೆ. ರುಬ್ಬುವಾಗ ಒಂದು ಹನಿಯೂ ಹಾಕಬೇಡಿ. ಒಂದು ದೊಡ್ಡ ಕಟ್ಟು ಸಬ್ಬಸಿಗೆ, ಒಂದು ಲೋಟ ಕಾಯಿತುರಿ, ಎಂಟು ಹಸಿಮೆಣಸಿನಕಾಯಿ, ಎರಡು ಬೆರಳು ಶುಂಠಿ. ಉಪ್ಪನ್ನು ಉಂಡೆ ಹಿಡಿಯುವ ಹೊತ್ತಿಗೆ ಕಲಸಿ, ಮೊದಲೇ ಹಾಕಿದರೆ ಸೊಪ್ಪು ನೀರು ಬಿಡುತ್ತದೆ. ನೀರು ಕುದಿ ಬಂದ ಮೇಲೆ ಇಟ್ಟು ಹದಿನೈದು ನಿಮಿಷ. ಬೆರಳು ಒದ್ದೆ ಮಾಡಿ ಮುಟ್ಟಿದಾಗ ಅಂಟದಿದ್ದರೆ ಬೆಂದಿದೆ.